ಅಂಗಳಕ್ಕೆ 20 ಎಂಎಂ ಟೈಲ್ಸ್: ಸಿಮೆಂಟಿನಲ್ಲಿ ಕೂರಿಸುವುದಾ, ಜಲ್ಲಿ ಮೇಲೆ ಸುಮ್ನೆ ಇಡುವುದಾ?

ಬ್ರಹ್ಮಾವರದ ಅಂಗಳ:
ಎಲ್ಲರಿಗೂ ನಮಸ್ಕಾರ. ಅಂಗಳಕ್ಕೆ ಅಂತ 20 ಎಂಎಂ ದಪ್ಪದ ಪೋರ್ಸಲಿನ್ ಟೈಲ್ಸ್ ತಂದಿದ್ದೇನೆ, ಎರಡಡಿಗೆ ಎರಡಡಿಯದ್ದು. ಒಂದೊಂದು ಹದಿನಾರು ಹದಿನೇಳು ಕೆಜಿ ಇದೆ, ಇಳಿಸುವಾಗಲೇ ಸೊಂಟ ಹೋಯ್ತು. ಮೇಸ್ತ್ರಿ ಹೇಳುವುದು, ಮನೆಯೊಳಗೆ ಹಾಕಿದ ಹಾಗೇ ಮರಳು ಸಿಮೆಂಟ್ ಹಾಸಿ, ಮೇಲೆ ಸಿಮೆಂಟ್ ನೀರು ಹೊಯ್ದು ಕೂರಿಸಿದರೆ ಆಯ್ತು ಅಂತ. ಅಂಗಡಿಯವರು ಜಲ್ಲಿ ಹರಡಿ ಅದರ ಮೇಲೆ ಸುಮ್ನೆ ಇಡಿ ಅಂದರು. ಈಗ ಬರೀ ಮಣ್ಣಿನ ಅಂಗಳ. ಗೇಟಿನಿಂದ ಶೆಡ್ಡಿನವರೆಗೆ ಕಾರು ಬರುತ್ತದೆ, ಉಳಿದ ಕಡೆ ಅಡಿಕೆ ಒಣಗಿಸುತ್ತೇವೆ. ಮಳೆಗೆ ಇನ್ನು ಎರಡು ತಿಂಗಳೂ ಇಲ್ಲ. ಯಾರ ಮಾತು ಕೇಳಲಿ?

ಕೈಸುಟ್ಟವ:
ನಿಮ್ಮ ಮೇಸ್ತ್ರಿ ಹೇಳಿದ್ದನ್ನೇ ನಾನು ಮಾಡಿಸಿದ್ದು ಮಾರಾಯ್ರೆ. ಎರಡನೇ ಮಳೆಗಾಲ ಮುಗಿಯುವಷ್ಟರಲ್ಲಿ ತಟ್ಟಿದಲ್ಲೆಲ್ಲ ಟೊಳ್ಳು ಸದ್ದು. ಒಂದನ್ನು ಎಬ್ಬಿಸಿ ನೋಡಿದರೆ ಹಿಂಬದಿ ತೊಳೆದಿಟ್ಟ ಬಟ್ಟಲಿನ ಹಾಗಿತ್ತು, ಒಂದು ಚೂರು ಸಿಮೆಂಟ್ ಹಿಡಿದಿರಲಿಲ್ಲ. ಪೋರ್ಸಲಿನ್ ನೀರು ಹೀರುವುದು ಶೇ. 0.5ಕ್ಕಿಂತ ಕಡಿಮೆ, ಸಿಮೆಂಟ್ ನೀರು ಅದಕ್ಕೆ ಅಂಟುವುದು ಹೇಗೆ? ಪಾಲಿಮರ್ ಇರುವ ಟೈಲ್ ಗಮ್ಮೇ ಬೇಕು.

ಟೈಲ್ಸ್ ಕೆಲಸ ಮಂಗಳೂರು:
ಮೇಸ್ತ್ರಿ, ಅಂಗಡಿಯವರು ಇಬ್ಬರು ಹೇಳಿದ್ದೂ ಪೂರ್ತಿ ಸರಿಯಲ್ಲ. ನಿಮ್ಮ ಅಂಗಳವನ್ನು ಎರಡು ಭಾಗ ಮಾಡಿ.

ಕಾರು ಬರುವ ದಾರಿಗೆ ಜಲ್ಲಿ ಬೇಡವೇ ಬೇಡ, ಚಕ್ರ ಟೈಲಿನ ಒಂದು ಮೂಲೆಗೆ ಹತ್ತಿದರೆ ಬಿರುಕು ಬಿಡುತ್ತದೆ. ಅಲ್ಲಿ ಮಣ್ಣು ಗಟ್ಟಿ ಮಾಡಿ, ಕಬ್ಬಿಣದ ಜಾಲರಿ ಹಾಕಿ ಕಾಂಕ್ರೀಟ್ ಹಾಕಿಸಿ, ಅದು ಚೆನ್ನಾಗಿ ಒಣಗಿದ ಮೇಲೆ ಗಮ್ಮಿನಲ್ಲಿ ಕೂರಿಸಿ. ಗಮ್ ನೆಲಕ್ಕೂ ಬೇಕು, ಟೈಲಿನ ಬೆನ್ನಿಗೂ ಬೇಕು. ನಾಲ್ಕು ಮೂಲೆಗೆ ನಾಲ್ಕು ಮುದ್ದೆ, ನಡುವೆ ಒಂದು ಮುದ್ದೆ ಇಟ್ಟು ಒತ್ತುವವರಿದ್ದಾರೆ, ಹಾಗೆ ಮಾಡಲು ಬಿಡಬೇಡಿ. ಆ ಖಾಲಿ ಜಾಗದಲ್ಲಿ ನೀರು ನಿಂತು ಸಂದಿಯಿಂದ ಬಿಳಿ ಉಪ್ಪು ಏಳುತ್ತದೆ. ಮತ್ತೆ ಈಗಿನ ಬಿಸಿಲಿಗೆ ಗಮ್ ಬೇಗ ಕೆನೆ ಕಟ್ಟುತ್ತದೆ, ಬೆಳಿಗ್ಗೆಯೇ ಕೆಲಸ ಶುರು ಮಾಡಿಸಿ, ಒಂದೊಂದೇ ಟೈಲಿಗೆ ಆಗುವಷ್ಟು ಹಚ್ಚಿಸಿ.

ಉಳಿದ ಕಡೆ ಅಂಗಡಿಯವರು ಹೇಳಿದ್ದೇ ಚೆನ್ನಾಗಿರುತ್ತದೆ. ಆದರೆ ಬರೀ ಮಣ್ಣಿನ ಮೇಲೆ ಜಲ್ಲಿ ಚೆಲ್ಲಿದರೆ ಆಟಿ ಮಳೆಗೆ ಎಲ್ಲ ಕುಸಿದು ಕೂತಿರುತ್ತದೆ. ಆರೇಳು ಇಂಚು ಮಣ್ಣು ತೆಗೆದು, ಕೆಳಗೆ ಜಿಯೋ ಬಟ್ಟೆ (ನೀರು ಬಿಟ್ಟು ಮಣ್ಣು ತಡೆಯುವ ಬಟ್ಟೆ) ಹಾಸಿ, ದಪ್ಪ ಜಲ್ಲಿ ತುಂಬಿ ಮೆಷಿನ್‌ನಲ್ಲಿ ಕುಟ್ಟಿಸಿ. ಅದರ ಮೇಲೆ ಒಂದೂವರೆ ಇಂಚು ಬೇಬಿ ಜಲ್ಲಿ, ಅಂದರೆ ಸಣ್ಣ ಜಲ್ಲಿ. ಸುತ್ತ ಕೆಂಪುಕಲ್ಲಿನ ಅಂಚು ಕಟ್ಟದಿದ್ದರೆ ಟೈಲ್ಸ್ ಮೆಲ್ಲ ಹೊರಗೆ ಸರಿಯುತ್ತದೆ. ಎಂಟಡಿಗೆ ಒಂದು ಇಂಚು ಇಳಿಜಾರು, ಮನೆ ಕಡೆಗಲ್ಲ!

ಬ್ರಹ್ಮಾವರದ ಅಂಗಳ:
ಥ್ಯಾಂಕ್ಸ್ ಅಣ್ಣ. ಸಂದಿಯಲ್ಲಿ ಅಡಿಕೆ ಸಿಕ್ಕಿಕೊಳ್ಳಲ್ವಾ? ಒಂದು ಮೂಲೆಯಲ್ಲಿ ತೆಂಗಿನ ಮರವೂ ಇದೆ.

ಟೈಲ್ಸ್ ಕೆಲಸ ಮಂಗಳೂರು:
ಸಂದಿ ನಾಲ್ಕೈದು ಎಂಎಂ ಅಷ್ಟೇ, ಅಡಿಕೆ ಹೋಗುವುದಿಲ್ಲ. ಹುಲ್ಲು ಬರುತ್ತದೆ, ವರ್ಷಕ್ಕೆ ಎರಡು ಸಲ ಕೀಳಬೇಕು. ತೆಂಗಿನಕಾಯಿ ಬಿದ್ದರೆ ಒಡೆಯಲೂಬಹುದು, ಜಲ್ಲಿ ಮೇಲಿನದ್ದಾದರೆ ಅದೊಂದನ್ನು ಎತ್ತಿ ಬೇರೆ ಇಟ್ಟರಾಯ್ತು. ಅದೇ ಬ್ಯಾಚಿನದ್ದು ಏಳೆಂಟು ಜಾಸ್ತಿ ತೆಗೆದಿಡಿ.

ಕೈಸುಟ್ಟವ:
ನಯವಾದದ್ದು ತಂದಿಲ್ಲ ತಾನೇ? ಪಾಚಿ ಕಟ್ಟಿದ ಮೇಲೆ ನಮ್ಮ ಅಂಗಳದಲ್ಲಿ ಬೀಳದವರೇ ಇಲ್ಲ.

ಬ್ರಹ್ಮಾವರದ ಅಂಗಳ:
ಇಲ್ಲ, ಒರಟಿನದ್ದೇ, ಪೆಟ್ಟಿಗೆ ಮೇಲೆ ಎಷ್ಟು ಜಾರುವುದಿಲ್ಲ ಅನ್ನುವ ಗುರುತು ಆರ್11 ಅಂತ ಇದೆ. ಇನ್ನು ಮೇಸ್ತ್ರಿಯನ್ನು ಒಪ್ಪಿಸುವುದೇ ದೊಡ್ಡ ಕೆಲಸ.