ಅಪ್‌ಡೇಟ್: ಸರೋವರದಿಂದ ಎಂಟೂ ಜನ ಕ್ಷೇಮವಾಗಿ ಬಂದೆವು

ಬೆಟ್ಟದ ಮೇಲಿನ ಸರೋವರದಲ್ಲಿ ಕಯಾಕಿಂಗ್ (ಹುಟ್ಟು ಹಾಕಿ ನಡೆಸುವ ಸಣ್ಣ ಕಿರಿದಾದ ದೋಣಿಯ ಸವಾರಿ), ದಡದಲ್ಲಿ ಎರಡು ರಾತ್ರಿ ಟೆಂಟ್. ಹಗಲು ಬಿಸಿಲಿದ್ದರೂ ವೆಟ್‌ಸೂಟ್ (ತಣ್ಣೀರಿನಲ್ಲಿ ಮೈ ಬೆಚ್ಚಗಿಡುವ ಬಿಗಿ ಉಡುಪು) ಬೇಕೇ ಎಂದು ಹೊರಡುವ ಮುನ್ನ ಇಲ್ಲಿ ನಿಮ್ಮನ್ನೆಲ್ಲ ಕೇಳಿದ್ದೆ. "ಬಿಸಿಲು ನೋಡಿ ಅಲ್ಲ, ನೀರು ನೋಡಿ ಬಟ್ಟೆ ಹಾಕಿ" ಎಂದವರಿಗೆ ಕೈಮುಗಿಯುತ್ತೇನೆ.

ಎರಡನೇ ದಿನ ಮಧ್ಯಾಹ್ನ ಇದ್ದಕ್ಕಿದ್ದಂತೆ ಗಾಳಿ ಎದ್ದು ನನ್ನ ಗೆಳತಿಯ ಕಯಾಕ್ ಮಗುಚಿತು. ನೀರು 9 ಡಿಗ್ರಿ. ಬಿದ್ದ ಕೂಡಲೇ ಅವಳು ಏದುಸಿರು ಬಿಡತೊಡಗಿದಳು, ಕೂಗಲೂ ಆಗಲಿಲ್ಲ. ಆಗ ನೆನಪಾಗಿದ್ದು ನೀವು ಹೇಳಿದ 1-10-1 ಲೆಕ್ಕ: ಉಸಿರು ಹತೋಟಿಗೆ ಬರಲು 1 ನಿಮಿಷ, ಕೈಕಾಲು ಮಾತು ಕೇಳುವುದು ಸುಮಾರು 10 ನಿಮಿಷ, ಚಳಿಗೆ ಪ್ರಜ್ಞೆ ತಪ್ಪಲು ಸುಮಾರು 1 ಗಂಟೆ. "ಈಜಬೇಡ, ಕಯಾಕ್ ಹಿಡಿದು ಉಸಿರಾಡು" ಎಂದು ಕೂಗಿದೆ. ಲೈಫ್ ಜಾಕೆಟ್ ಅವಳ ಮುಖವನ್ನು ನೀರಿನ ಮೇಲೆ ಹಿಡಿದಿತ್ತು. ಇಬ್ಬರು ಎರಡು ಬದಿಯಿಂದ ಹೋಗಿ ಐದಾರು ನಿಮಿಷದಲ್ಲಿ ಅವಳನ್ನು ಮತ್ತೆ ಕಯಾಕ್ ಹತ್ತಿಸಿದರು. ದಡದ ಹತ್ತಿರವೇ ಸಾಗುತ್ತಿದ್ದದ್ದು ಎಷ್ಟು ಒಳ್ಳೆಯದಾಯಿತು!

ದಡದಲ್ಲಿ ಒದ್ದೆ ಬಟ್ಟೆ ತೆಗೆಸಿ, ನೀರು ಒಳಹೋಗದ ಡ್ರೈ ಬ್ಯಾಗಿನಲ್ಲಿದ್ದ ಉಣ್ಣೆ ಬಟ್ಟೆ, ಟೋಪಿ ಹಾಕಿ, ಸಿಹಿ ಬಿಸಿ ಪಾನೀಯ ಕೊಟ್ಟೆವು. ಅರ್ಧ ಗಂಟೆಯಲ್ಲಿ ನಡುಕ ನಿಂತಿತು. ಕೈಕಾಲು ಉಜ್ಜಬೇಡಿ ಎಂದು ಎಚ್ಚರಿಸಿದ್ದಿರಿ, ಉಜ್ಜಲಿಲ್ಲ.

ರಾತ್ರಿಯ ಚಳಿ ಮಾತ್ರ ನಮ್ಮ ತಪ್ಪು. ಸ್ಲೀಪಿಂಗ್ ಬ್ಯಾಗ್ ಒಳ್ಳೆಯದೇ ಇತ್ತು, ಕೆಳಗಿನ ಮ್ಯಾಟ್ ತೀರಾ ತೆಳು. ನೆಲವೇ ಮೈಯ ಬಿಸಿ ಹೀರಿತು. ಮುಂದಿನ ಸಲ ಎರಡು ಮ್ಯಾಟ್ ಒಯ್ಯುತ್ತೇವೆ, ಮಧ್ಯಾಹ್ನದೊಳಗೆ ದಡ ಸೇರುತ್ತೇವೆ.