ಅಪ್‌ಡೇಟ್: ಗುಂಯ್ ಸದ್ದು ಟೈರಿನದಲ್ಲ, ಎಡ ಮುಂದಿನ ಬೇರಿಂಗಿನದು

ತೀರ್ಥಹಳ್ಳಿ ರಸ್ತೆಯಲ್ಲಿ ವೇಗ 50 ದಾಟಿದ ಕೂಡಲೇ ಕಾರಿನ ಮುಂಭಾಗದಿಂದ ಗುಂಯ್ ಅಂತ ಸದ್ದು ಬರುತ್ತೆ, ಏನಿರಬಹುದು ಅಂತ ಕೇಳಿದ್ದೆ. ಟೈರ್ ಸವೆದಿರಬೇಕು ಅಂದವರೇ ಹೆಚ್ಚು. ಆದರೆ ಮುಂದಿನ ಟೈರ್ ಹಿಂದಕ್ಕೆ ಹಾಕಿದರೂ ಸದ್ದು ಮುಂದೇ ಉಳಿಯಿತು. ನೇರವಾದ ಖಾಲಿ ರಸ್ತೆಯಲ್ಲಿ ನ್ಯೂಟ್ರಲ್ ಮಾಡಿದರೂ ಹಾಗೇ ಇತ್ತು, ಅಂದರೆ ಎಂಜಿನ್ನಿನದೂ ಅಲ್ಲ. (ಆಗುಂಬೆ ಘಾಟಿ ಇಳಿಯುವಾಗ ಈ ಪರೀಕ್ಷೆ ಮಾಡಲೇಬೇಡಿ.)

ಸುಳಿವು ಸಿಕ್ಕಿದ್ದು ತಿರುವಿನಲ್ಲಿ. ಬಲಕ್ಕೆ ತಿರುಗಿಸಿದಾಗ ಸದ್ದು ಜೋರು, ಎಡಕ್ಕೆ ಕಮ್ಮಿ. ಬಲ ತಿರುವಿನಲ್ಲಿ ಭಾರ ಎಡ ಚಕ್ರಗಳ ಮೇಲೆ ಬೀಳುತ್ತೆ, ಹಾಗಾಗಿ ಅನುಮಾನ ಎಡ ಬೇರಿಂಗ್ (ಚಕ್ರ ಸಲೀಸಾಗಿ ತಿರುಗಲು ಒಳಗೆ ಗುಂಡುಗಳಿರುವ ಭಾಗ) ಮೇಲೆ. ಜಾಕ್ ಎತ್ತಿ, ಸ್ಟ್ಯಾಂಡ್ ಕೊಟ್ಟು, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಸಡಿಲವೇ ಇರಲಿಲ್ಲ. ಅಷ್ಟಕ್ಕೇ ಬೇರಿಂಗ್ ಸರಿಯಿದೆ ಅನ್ನಬೇಡಿ. ಚಕ್ರದ ಹತ್ತಿರದ ಕಾಯಿಲ್ (ಸುರುಳಿ) ಸ್ಪ್ರಿಂಗ್ ಮೇಲೆ ಬೆರಳಿಟ್ಟು ಚಕ್ರ ತಿರುಗಿಸಿದಾಗ ಗರಗರ ಅನ್ನೋ ನಡುಕ ಸ್ಪಷ್ಟವಾಗಿ ಸಿಕ್ಕಿತು, ಬಲಗಡೆ ನುಣ್ಣಗಿತ್ತು.

ಬಿಚ್ಚಿದಾಗ ಬೇರಿಂಗಿನೊಳಗೆ ನೀರು ಹೋಗದಂತೆ ತಡೆಯುವ ಸೀಲ್ ಹರಿದಿತ್ತು. ಒಳಗಿನ ಗ್ರೀಸ್ ನೀರು ಸೇರಿ ಚಹಾ ಬಣ್ಣದ ಲೋಳೆಯಾಗಿತ್ತು, ಒಳ ರೇಸಿನಲ್ಲಿ (ಗುಂಡುಗಳು ಉರುಳುವ ಒಳಗಿನ ಬಳೆ) ಸಣ್ಣ ಕುಳಿಗಳು. ನಮ್ಮ ಮಳೆಗಾಲದ ಕೆಸರುನೀರಿನಲ್ಲಿ ಸೀಲ್ ಹೋದರೆ ಬೇರಿಂಗ್ ಉಳಿಯೋದಿಲ್ಲ.

ಹೊಸದನ್ನು ಸುತ್ತಿಗೆಯಲ್ಲಿ ಬಡಿದು ಕೂರಿಸಲು ದಯವಿಟ್ಟು ಬಿಡಬೇಡಿ. ಪ್ರೆಸ್ಸಿನಲ್ಲಿ (ಒತ್ತಿ ಕೂರಿಸುವ ಯಂತ್ರ) ಹೊರ ರೇಸನ್ನೇ ಒತ್ತಬೇಕು. ಒಳ ರೇಸ್ ಒತ್ತಿದರೆ ಗುಂಡುಗಳು ರೇಸಿಗೆ ಗುರುತು ಮೂಡಿಸಿ ವಾರದಲ್ಲೇ ಅದೇ ಸದ್ದು. ಎಬಿಎಸ್‌ಗೆ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಅಯಸ್ಕಾಂತ ಇರುವ ಬೇರಿಂಗ್ ಆದರೆ ಆ ಬದಿ ಚಕ್ರದ ವೇಗ ಅಳೆಯುವ ಸೆನ್ಸರ್ ಕಡೆಗಿರಲಿ. ಆಕ್ಸಲ್ ನಟ್ ಹೊಸದೇ ಹಾಕಿಸಿ, ಟಾರ್ಕ್ ರೆಂಚಿನಲ್ಲೇ (ಎಷ್ಟು ಬಿಗಿಯಾಯಿತು ಅಂತ ಅಳೆಯುವ ಸ್ಪ್ಯಾನರ್) ಬಿಗಿಸಲಿ.