ಜಿಪ್ಸಿ ಹಿಂದಿನ ಆಕ್ಸಲ್ ಗುಂಯ್ ಅಂತಿದೆ: 90 ಎಣ್ಣೆ ಹಾಕೋದಾ, 140 ಹಾಕೋದಾ?

ಘಟ್ಟದ_ಜಿಪ್ಸಿ
1999ರ ಜಿಪ್ಸಿ, ಪೆಟ್ರೋಲ್. ಓಡಾಟ ಸಕಲೇಶಪುರದ ತೋಟದ ದಾರಿ, ವಾರಕ್ಕೊಮ್ಮೆ ಹಾಸನ. 55 ದಾಟಿದ ಮೇಲೆ ಹಿಂದಿನಿಂದ ಗುಂಯ್ ಅನ್ನೋ ಸದ್ದು. ಆಕ್ಸಿಲರೇಟರ್ ಒತ್ತಿದಾಗ ಜಾಸ್ತಿ, ಕಾಲು ತೆಗೆದರೆ ಇಲ್ಲ. ಮೂರನೇ ಗೇರಾಗಲಿ ನಾಲ್ಕನೆಯದಾಗಲಿ, ಸದ್ದು ಒಂದೇ. "140 ಹಾಕಿ, ಸುಮ್ಮನಾಗುತ್ತೆ" ಅಂತ ಒಬ್ಬ ಮೆಕ್ಯಾನಿಕ್. ಅಂಗಡಿಯಲ್ಲಿ ಗೇರ್‌ಬಾಕ್ಸಿಗೂ ಹೌಸಿಂಗಿಗೂ (ಆಕ್ಸಲ್ ಗೇರುಗಳ ಪೆಟ್ಟಿಗೆ) ಒಂದೇ ಡಬ್ಬ ಎಣ್ಣೆ ಸಾಕು ಅಂತಾರೆ. ಏನು ಮಾಡಲಿ?

ಕ್ರೌನ್_ಪಿನಿಯನ್
ಸಾರ್, ಡಬ್ಬ ಕೊಳ್ಳೋ ಮುಂಚೆ ಸದ್ದಿನ ಗುಣ ನೋಡಿ. ಗೇರ್ ಬದಲಾದರೂ ಸದ್ದು ಬದಲಾಗದಿದ್ದರೆ ಗೇರ್‌ಬಾಕ್ಸ್ ಬಹುಮಟ್ಟಿಗೆ ಬಚಾವ್. ಒತ್ತಿದಾಗ ಮಾತ್ರ ಬಂದರೆ ಅನುಮಾನ ಕ್ರೌನ್-ಪಿನಿಯನ್ (ಆಕ್ಸಲ್ ಒಳಗಿನ ದೊಡ್ಡ ಗೇರ್, ಅದನ್ನು ತಿರುಗಿಸುವ ಚಿಕ್ಕ ಗೇರ್) ಹಲ್ಲಿನ ಮೇಲೆ. ಒತ್ತಲಿ ಬಿಡಲಿ ಒಂದೇ ಸಮ ಗುರ್‌ಗುಟ್ಟಿದರೆ ಬೇರಿಂಗ್. ತಿರುವಿನಲ್ಲಿ ಏರಿಳಿದರೆ ಚಕ್ರದ ಬೇರಿಂಗ್. ಹೊರಡುವಾಗ ಒಮ್ಮೆ ಟಕ್ ಅಂದರೆ ಮೊದಲು ಆಕ್ಸಲ್ಲಿಗೆ ಶಕ್ತಿ ತರುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ (ಕೀಲು) ನೋಡಿ.

ಗಾಡಿಯ ಚಕ್ರಗಳಿಗೆ ಕಲ್ಲು ಕೊಟ್ಟು, ನ್ಯೂಟ್ರಲ್‌ನಲ್ಲಿಟ್ಟು, ಕೆಳಗೆ ಹೋಗಿ ಪಿನಿಯನ್ ಫ್ಲಾಂಜ್ (ಆ ಶಾಫ್ಟ್ ಆಕ್ಸಲ್ಲಿಗೆ ಸೇರುವ ಬಿಲ್ಲೆ) ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ತಿರುಗಿಸುವ ದಿಕ್ಕಿನಲ್ಲಿ ಸ್ವಲ್ಪ ಪ್ಲೇ ಇರಲೇಬೇಕು. ಮೇಲೆ ಕೆಳಗೆ ಕೂದಲೆಳೆಯಷ್ಟು ಆಡಿದರೂ ಪಿನಿಯನ್ ಬೇರಿಂಗ್ ಸಡಿಲವಾಗಿದೆ, ಹಲ್ಲು ಕೂರಬೇಕಾದ ಜಾಗದಲ್ಲಿ ಕೂರುತ್ತಿಲ್ಲ. ಅದಕ್ಕೆ ಯಾವ ಎಣ್ಣೆಯೂ ಮದ್ದಲ್ಲ. ನಟ್ ಬಿಗಿ ಮಾಡಿ ಸರಿಮಾಡ್ತೀನಿ ಅಂದವರಿಗೆ ದಯವಿಟ್ಟು ಬೇಡ ಅನ್ನಿ. ಪ್ರೀಲೋಡ್ (ಬೇರಿಂಗ್ ಮೇಲಿನ ಬಿಗಿತ) ಹೆಚ್ಚಾದರೆ ಬೇರಿಂಗ್ ಕಾದು ಸೀದುಹೋಗುತ್ತೆ.

ಎಣ್ಣೆ_ಲೆಕ್ಕ
ಎಣ್ಣೆ ವಿಷಯ. ಹೌಸಿಂಗಿಗೆ ಜಿಎಲ್-5, 80ಡಬ್ಲ್ಯೂ-90 (ಜಿಎಲ್ ಅಂದರೆ ಗೇರ್ ಎಣ್ಣೆಯ ದರ್ಜೆ, 80ಡಬ್ಲ್ಯೂ-90 ಅದರ ದಪ್ಪ). ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸಿಗೆ (ಎರಡು ಆಕ್ಸಲ್ಲಿಗೂ ಶಕ್ತಿ ಹಂಚುವ ಪೆಟ್ಟಿಗೆ) ಜಿಎಲ್-4. ಒಂದೇ ಡಬ್ಬ ಅನ್ನೋದು ತಪ್ಪು. ಕಾರಣ ಇಷ್ಟೇ: ಇದು ಹೈಪಾಯ್ಡ್ ಗೇರ್. ಪಿನಿಯನ್ ಕ್ರೌನಿನ ನಡುವಿಗಿಂತ ಕೆಳಗೆ ಕೂತಿರುತ್ತೆ, ಹಲ್ಲುಗಳು ಉರುಳುವುದರ ಜೊತೆಗೆ ಬಹಳಷ್ಟು ಉಜ್ಜಿಕೊಂಡು ಜಾರುತ್ತವೆ. ಆ ಒತ್ತಡಕ್ಕೆ ಎಣ್ಣೆಯ ಪದರ ಹಿಂಡಿಹೋದಾಗ ಗಂಧಕ-ರಂಜಕದ ಸೇರಿಕೆ ಲೋಹದ ಮೇಲೆ ತೆಳು ಪೊರೆ ಕಟ್ಟಿ ಹಲ್ಲು ಕಾಯುತ್ತೆ. ಜಿಎಲ್-4ರಲ್ಲಿ ಅದು ಕಡಿಮೆ, ಹಲ್ಲು ಗೀರು ಬೀಳುತ್ತೆ. ಅದೇ ಗಂಧಕ ಗೇರ್‌ಬಾಕ್ಸಿನ ಹಿತ್ತಾಳೆ ಸಿಂಕ್ರೊ ರಿಂಗುಗಳನ್ನು (ಗೇರ್ ಸಲೀಸಾಗಿ ಬೀಳಿಸುವ ಉಂಗುರಗಳು) ಬಿಸಿಯಲ್ಲಿ ತಿನ್ನಬಲ್ಲದು. ಹೀಗಾಗಿ ಎರಡು ಡಬ್ಬ.

140ರ ಬಗ್ಗೆ: 100 ಡಿಗ್ರಿ ಸೆಲ್ಸಿಯಸ್‌ನಲ್ಲಿ 90ರ ದಪ್ಪ 13.5ರಿಂದ 18.5 ಸೆಂಟಿಸ್ಟೋಕ್ಸ್, 140ರದು 24ಕ್ಕೆ ಮೇಲೆ. ಸವೆದ ಹಲ್ಲಿನ ಸದ್ದನ್ನು ಅದು ಸ್ವಲ್ಪ ಮುಚ್ಚುತ್ತೆ, ನಿಜ. ಆದರೆ ಡಿಸೆಂಬರ್ ಬೆಳಗ್ಗೆ ತೋಟದಿಂದ ಹೊರಟಾಗ ಪಿನಿಯನ್ ಬೇರಿಂಗಿಗೆ ತಡವಾಗಿ ತಲುಪುತ್ತೆ, ಎಳೆತ ಹೆಚ್ಚು. ಬಿಸಿಲಿನಲ್ಲಿ ಭಾರ ಹೊರುವ ಗಾಡಿಗೆ 85ಡಬ್ಲ್ಯೂ-140 ಸರಿ, ಅದೂ ಜಿಎಲ್-5 ಆಗಿದ್ದರೆ. ಮೊದಲು 90 ಹಾಕಿ. ಗ್ರೀಸ್ ತುಂಬುವ ಹಳೆ ಪದ್ಧತಿ ಮಾತ್ರ ಖಂಡಿತ ಬೇಡ, ಅದು ಗೋಡೆಗೆ ಅಂಟಿಕೊಂಡೇ ಕೂತಿರುತ್ತೆ, ಬೇರಿಂಗ್ ಒಣಗುತ್ತೆ.

ಬದಲಿಸುವಾಗ 10 ಕಿ.ಮೀ. ಓಡಿಸಿ ಬಿಸಿ ಮಾಡಿ, ಸಮತಟ್ಟು ನೆಲದಲ್ಲಿ ನಿಲ್ಲಿಸಿ. ಮೊದಲು ಮೇಲಿನ ಫಿಲ್ಲರ್ ಪ್ಲಗ್ ಬಿಚ್ಚಿ, ಆಮೇಲೆ ಕೆಳಗಿನದು. ಎಣ್ಣೆ ಇಳಿದ ಮೇಲೆ ಮೇಲಿನದು ಜಾಮ್ ಆಗಿದೆ ಅಂತ ಗೊತ್ತಾದರೆ ಗಾಡಿ ಅಲ್ಲೇ ನಿಲ್ಲುತ್ತೆ. ಹಿಂದಿನದಕ್ಕೆ ಒಂದೂವರೆ ಲೀಟರ್ ಆಸುಪಾಸು ಹಿಡಿಯುತ್ತೆ. ಫಿಲ್ಲರ್ ರಂಧ್ರದ ಕೆಳ ಅಂಚಿನಿಂದ ಎಣ್ಣೆ ಜಿನುಗಿದರೆ ಸಾಕು.

ಘಟ್ಟದ_ಜಿಪ್ಸಿ
ಫ್ಲಾಂಜ್ ಆಡುತ್ತಿಲ್ಲ. ಎಣ್ಣೆ ಇಳಿಸಿದೆ, ಬಣ್ಣ ಹಾಲು ಬೆರೆಸಿದ ಕಾಫಿಯಂತಿದೆ, ಬಂದದ್ದು ಒಂದೂಕಾಲು ಲೀಟರ್ ಅಷ್ಟೇ. ಅಡಿಯಲ್ಲಿ ಬೂದು ಬಣ್ಣದ ನಯವಾದ ಕೆಸರು.

ಕ್ರೌನ್_ಪಿನಿಯನ್
ನೀರು ಸೇರಿದೆ, ಮಟ್ಟವೂ ಇಳಿದಿದೆ. ನಯವಾದ ಕೆಸರು ಮಾಮೂಲಿ ಸವೆತ. ಬೆರಳಿನಲ್ಲಿ ಉಜ್ಜಿ ನೋಡಿ, ಚೂಪು ಚೂರು ಸಿಕ್ಕರೆ ಹೌಸಿಂಗ್ ಬಿಚ್ಚಲೇಬೇಕು.

ಹಳ್ಳ ದಾಟುವಾಗ ಬಿಸಿ ಹೌಸಿಂಗ್ ತಣ್ಣೀರಿಗೆ ಬಿದ್ದರೆ ಒಳಗಿನ ಗಾಳಿ ಕುಗ್ಗುತ್ತೆ. ಆಕ್ಸಲ್ ಮೇಲಿನ ಬ್ರೀದರ್ (ಗಾಳಿಯಾಡುವ ಕಿಂಡಿ) ಮಣ್ಣು ಕಟ್ಟಿದ್ದರೆ ಆ ಗಾಳಿ ಆಯಿಲ್ ಸೀಲಿನ ಸಂದಿನಿಂದ ನೀರನ್ನು ಎಳೆದುಕೊಳ್ಳುತ್ತೆ. ಬಿಸಿಯಲ್ಲಿ ಉಲ್ಟಾ, ಎಣ್ಣೆಯನ್ನೇ ಸೀಲಿನಿಂದ ಹೊರಗೆ ದೂಡುತ್ತೆ. ನಿಮ್ಮ ಮಟ್ಟ ಇಳಿದದ್ದಕ್ಕೂ ಇದೇ ಕಾರಣ ಇರಬಹುದು, ಹಿಂದಿನ ಬ್ರೇಕ್ ಡ್ರಮ್ ಬಿಚ್ಚಿ ಒಳಗೆ ಎಣ್ಣೆ ಇದೆಯಾ ನೋಡಿ. ಬ್ರೀದರ್ ಸ್ವಚ್ಛ ಮಾಡಿ, ಒಂದು ಪೆಟ್ರೋಲ್ ಪೈಪ್ ಸಿಕ್ಕಿಸಿ ಬಾಡಿಯ ಎತ್ತರದವರೆಗೆ ಒಯ್ಯಿರಿ.

ಈಗ ಅಗ್ಗದ 80ಡಬ್ಲ್ಯೂ-90 ಜಿಎಲ್-5 ಹಾಕಿ 200 ಕಿ.ಮೀ. ಓಡಿಸಿ ಇಳಿಸಿ, ಉಳಿದ ನೀರು ಅದರ ಜೊತೆ ಹೋಗುತ್ತೆ. ಆಮೇಲೆ ಒಳ್ಳೆಯದನ್ನು ತುಂಬಿ.

ಎಣ್ಣೆ_ಲೆಕ್ಕ
ಮುಂದಿನ ಆಕ್ಸಲ್ಲನ್ನೂ ನೋಡಿ. ಒಳಗಿನ ಸೀಲ್ ಹೋದರೆ ಎಣ್ಣೆ ನಕಲ್ (ಮುಂದಿನ ಚಕ್ರ ತಿರುಗುವ ಕೀಲು) ಒಳಗೆ ಇಳಿದು ಗ್ರೀಸ್ ಜೊತೆ ಕಲಸಿ, ಚಕ್ರದ ಹಿಂಬದಿ ಕಪ್ಪಗೆ ತೊಟ್ಟಿಕ್ಕುತ್ತೆ. ಹೌಸಿಂಗ್ ಮೇಲೆ ಸೋರಿಕೆ ಕಾಣದೆಯೇ ಅದು ಖಾಲಿಯಾಗಿರುತ್ತೆ. ಡಾಂಬರು ರಸ್ತೆಯಲ್ಲಿ 4ಎಚ್ (ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಗೇರ್) ಬೇಡ. ನಡುವೆ ಡಿಫರೆನ್ಷಿಯಲ್ (ವೇಗದ ವ್ಯತ್ಯಾಸಕ್ಕೆ ಅವಕಾಶ ಕೊಡುವ ಗೇರ್) ಇಲ್ಲದ್ದರಿಂದ ಎರಡು ಆಕ್ಸಲ್‌ಗಳೂ ಒಂದನ್ನೊಂದು ತಿರುಚುತ್ತವೆ.